ಬಿಟ್ಟು ಬಂದ ಸೇವೆಗೆ ಮರಳಿದ ಸಭಾಪಾಲಕ: 1939ರ ಬೋನ್‌ಹೋಫರ್ ಪ್ರಕರಣ

ಸಭಾಪಾಲಕರೊಬ್ಬರು ಈಗಿರುವ ಸೇವೆಯಲ್ಲೇ ಮುಂದುವರಿಯಬೇಕೋ ಅದನ್ನು ಬಿಟ್ಟು ಹೊರಡಬೇಕೋ ಎಂದು ತೊಳಲಾಡುವಾಗ ಅವರಿಗೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಪ್ರಾರ್ಥನೆ ಮಾಡಿರಿ, ಹಿರಿಯರನ್ನು ಕೇಳಿರಿ, ಮನಸ್ಸಿಗೆ ಸಮಾಧಾನವಾದ ಕಡೆಗೆ ಹೆಜ್ಜೆಯಿಡಿರಿ. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಪ್ರಾರ್ಥನೆಗೆ ಸ್ಪಷ್ಟವಾದ ಉತ್ತರ ಸಿಗದೆ, ಸುತ್ತಲಿನ ಹಿರಿಯರೆಲ್ಲ ಒಂದು ದಾರಿಯನ್ನು ತೋರಿಸುತ್ತಿರುವಾಗ ಮನಸ್ಸು ಮಾತ್ರ ಇನ್ನೊಂದು ದಾರಿಗೆ ಎಳೆಯುತ್ತಿದ್ದರೆ, ಆ ಎಳೆತ ಕರೆಯೋ ಬರಿಯ ಮನೆಯ ಹಂಬಲವೋ ಎಂದು ತಿಳಿಯುವ ಬಗೆ ಹೇಗೆ ಎಂಬುದನ್ನು ಈ ಸಲಹೆ ಹೇಳುವುದಿಲ್ಲ. ಅಂಥ ಒಂದು ಪ್ರಕರಣವನ್ನು ಇಲ್ಲಿ ಆದಿಯಿಂದ ನೋಡಬಹುದು. ಜರ್ಮನಿಯ ಪ್ರಾಟೆಸ್ಟೆಂಟ್ ಸಭಾಪಾಲಕ ಡೀಟ್ರಿಚ್ ಬೋನ್‌ಹೋಫರ್ ಅವರು 1939ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿ ತಮಗಾಗಿ ಸಿದ್ಧವಾಗಿದ್ದ ಹುದ್ದೆಯನ್ನು ನಿರಾಕರಿಸಿ, ನಾಲ್ಕು ವಾರ ತುಂಬುವ ಮೊದಲೇ ಸ್ವದೇಶಕ್ಕೆ ಹಿಂದಿರುಗಲು ಹಡಗು ಹತ್ತಿದರು. ಆ ವಾರಗಳಲ್ಲಿ ಅವರು ದಿನಚರಿ ಬರೆದರು, ಅದು ಉಳಿದುಕೊಂಡಿದೆ. ಅದರ ಹಿಂದುಮುಂದಿನ ಪತ್ರಗಳೂ ಉಳಿದಿವೆ. ಹೀಗಾಗಿ ಒಬ್ಬ ಸೇವಕನ ಮನಸ್ಸು ನಿರ್ಧಾರದ ಕಡೆಗೆ ಸಾಗಿದ ದಾರಿಯನ್ನು ದಿನದಿನಕ್ಕೂ ಅನುಸರಿಸಲು ಸಾಧ್ಯವಿರುವ ಕೆಲವೇ ಪ್ರಕರಣಗಳಲ್ಲಿ ಇದೂ ಒಂದು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಸೆರೆಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ನಮ್ಮ ಪ್ರಸಂಗಗಳಲ್ಲಿ ಈ ಕಥೆಯನ್ನು ಗಲ್ಲುಗಂಬದಿಂದ ಹಿಂದಕ್ಕೆ ಓದುವ ರೂಢಿ ಬೆಳೆದಿದೆ. 1939ರ ಜುಲೈಯಲ್ಲಿ ಹಡಗು ಹತ್ತಿದ ವ್ಯಕ್ತಿ ರಕ್ತಸಾಕ್ಷಿಯಾಗಲು ಹೊರಟವರಲ್ಲ. ಅವರು ಮರಳಿದ್ದು ಜರ್ಮನಿಯ ಈಶಾನ್ಯದ ಪೊಮೆರೇನಿಯಾ ಪ್ರಾಂತದ ಹಳ್ಳಿಗಾಡಿನಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ, ಬೆರಳೆಣಿಕೆಯ ವಿದ್ಯಾರ್ಥಿಗಳಿದ್ದ ಸಭಾಪಾಲನಾ ತರಬೇತಿಗೆ. ನಿರ್ಧಾರವನ್ನು ತೂಗಬೇಕಾದರೆ ಅಂದು ಅವರ ಕಣ್ಣಿಗೆ ಕಾಣುತ್ತಿದ್ದಷ್ಟನ್ನೇ ಇಟ್ಟುಕೊಂಡು ತೂಗಬೇಕು.

ಹಿನ್ನೆಲೆ

ಬೋನ್‌ಹೋಫರ್ ಹುಟ್ಟಿದ್ದು 1906ರ ಫೆಬ್ರವರಿ 4ರಂದು, ಬ್ರೆಸ್ಲೌ ನಗರದಲ್ಲಿ. ತಂದೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮಗ ಇಪ್ಪತ್ತೊಂದನೆಯ ವಯಸ್ಸಿಗೇ ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1930–31ರಲ್ಲಿ ನ್ಯೂಯಾರ್ಕಿನ ಯೂನಿಯನ್ ಥಿಯಾಲಜಿಕಲ್ ಸೆಮಿನರಿಯಲ್ಲಿ ಒಂದು ವರ್ಷ ಓದಿ ಬಂದಿದ್ದರು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯ ಪ್ರಾಟೆಸ್ಟೆಂಟ್ ಸಭೆಯೊಳಗೆ ಒಡಕು ಮೂಡಿತು. ಯೆಹೂದಿ ಮೂಲದವರು ಸಭೆಯ ಹುದ್ದೆಗಳಲ್ಲಿ ಇರಕೂಡದೆಂಬ ಆರ್ಯ ನಿಯಮವನ್ನು ಪ್ರಷ್ಯದ ಸಿನೊಡ್, ಎಂದರೆ ಅಲ್ಲಿನ ಸಭೆಯ ಪ್ರತಿನಿಧಿಗಳ ಮಂಡಳಿ, 1933ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. ಇದನ್ನೂ ಸಭೆಯ ಆಡಳಿತದಲ್ಲಿ ಸರ್ಕಾರ ಕೈಯಾಡಿಸುವುದನ್ನೂ ಒಪ್ಪದವರು ಸಭೆಗೆ ಒಡೆಯನು ಕ್ರಿಸ್ತನೊಬ್ಬನೇ ಎಂದು ಸಾರಿದ 1934ರ ಮೇ ತಿಂಗಳ ಬಾರ್ಮೆನ್ ಘೋಷಣೆಯೊಂದಿಗೆ ಒಗ್ಗೂಡಿ, ಮುಂದೆ ಕನ್ಫೆಸಿಂಗ್ ಚರ್ಚ್ ಎಂದು ಹೆಸರಾದರು.

ಈ ಬಣಕ್ಕೆ ತನ್ನದೇ ಸಭಾಪಾಲಕರು ಬೇಕಾಗಿತ್ತು. 1935ರಲ್ಲಿ ಬೋನ್‌ಹೋಫರ್ ಅವರಿಗೆ ಫಿಂಕನ್‌ವಾಲ್ಡೆ ಎಂಬಲ್ಲಿ ತರಬೇತಿ ಸೆಮಿನರಿಯೊಂದನ್ನು ನಡೆಸುವ ಹೊಣೆ ಬಂತು. ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಪ್ರಾರ್ಥಿಸುವುದು, ದಿನಕ್ಕೆ ಅರ್ಧ ಗಂಟೆ ಮೌನವಾಗಿ ಒಂದೇ ವಾಕ್ಯವನ್ನು ಧ್ಯಾನಿಸುವುದು ಅಲ್ಲಿನ ಕ್ರಮವಾಗಿತ್ತು. 1937ರ ಆಗಸ್ಟಿನಲ್ಲಿ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಹೊರಡಿಸಿದ ಆದೇಶದಿಂದ ಈ ತರಬೇತಿಯೇ ಕಾನೂನುಬಾಹಿರವಾಯಿತು. ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊ ಬಂದು ಕಟ್ಟಡಕ್ಕೆ ಬೀಗ ಜಡಿಯಿತು. ಆ ಬಳಿಕ ವಿದ್ಯಾರ್ಥಿಗಳನ್ನು ಪೊಮೆರೇನಿಯಾದ ಊರುಗಳಲ್ಲಿ ಅನುಕೂಲರಾದ ಸಭಾಪಾಲಕರ ಬಳಿ ಸಹಾಯಕರೆಂಬ ಹೆಸರಿನಲ್ಲಿ ನೋಂದಾಯಿಸಿ, ಪಾಠವನ್ನು ಸದ್ದಿಲ್ಲದೆ ಮುಂದುವರಿಸಲಾಯಿತು.

ಇಲ್ಲಿ ಕಲಿತು ದೀಕ್ಷೆ ಹೊಂದಿದ ಯುವಕರನ್ನು ಅಧಿಕೃತ ಸಭಾಡಳಿತ ಮಾನ್ಯ ಮಾಡುತ್ತಿರಲಿಲ್ಲ. ಅವರಿಗೆ ಖಾಯಂ ಸಭೆಯಿಲ್ಲ, ನಿಶ್ಚಿತ ಸಂಬಳವಿಲ್ಲ, ಸಭಾಪಾಲಕರ ನಿವಾಸದ ಹಕ್ಕಿಲ್ಲ; ಮದುವೆಯಾದವರ ಪಾಡು ಇನ್ನೂ ಕಷ್ಟದ್ದು. ಸಭಾಡಳಿತ ಮಂಡಳಿಯ ಮುಂದೆ ಹೋಗಿ ಮರುಪರೀಕ್ಷೆಗೆ ಒಪ್ಪಿಕೊಂಡರೆ ಎಲ್ಲವೂ ಕಾನೂನುಬದ್ಧವಾಗುತ್ತಿತ್ತು. 1938ರಲ್ಲಿ ಹಲವರು ಆ ಕಡೆ ವಾಲತೊಡಗಿದಾಗ, ಹೋಗಬೇಡಿ, ಬಾರ್ಮೆನ್ನಿನಲ್ಲಿ ಒಪ್ಪಿಕೊಂಡದ್ದನ್ನು ಸಂಬಳಕ್ಕಾಗಿ ಬಿಟ್ಟುಕೊಡಬೇಡಿ ಎಂದು ಗಟ್ಟಿಯಾಗಿ ವಾದಿಸಿದವರು ಬೋನ್‌ಹೋಫರ್ ಅವರೇ. ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನನಗನ್ನಿಸುತ್ತದೆ. ಇತರರಿಗೆ ಇಷ್ಟು ದುಬಾರಿಯಾದ ಮಾತನ್ನು ಹೇಳಿದವರು ಸುರಕ್ಷಿತವಾದ ಇನ್ನೊಂದು ಜಾಗಕ್ಕೆ ಹೊರಟಾಗ, ಹೊರಡುವ ಕಾರಣ ಎಷ್ಟೇ ನ್ಯಾಯವಾಗಿದ್ದರೂ, ಆಡಿದ ಮಾತು ಅವರನ್ನು ಹಿಂಬಾಲಿಸದೆ ಇರಲಾರದು.

ಹೊರಡಲು ಇದ್ದ ಕಾರಣ

ಕಾರಣ ನ್ಯಾಯವಾದದ್ದೇ ಆಗಿತ್ತು. 1906ರಲ್ಲಿ ಹುಟ್ಟಿದವರಿಗೆ 1939ರಲ್ಲಿ ಕಡ್ಡಾಯ ಸೈನ್ಯಸೇವೆಯ ಕರೆ ಬರುವುದಿತ್ತು. ಹಿಟ್ಲರನ ಯುದ್ಧದಲ್ಲಿ ಬಂದೂಕು ಹಿಡಿಯುವುದು ಬೋನ್‌ಹೋಫರ್ ಅವರ ಮನಸ್ಸಾಕ್ಷಿಗೆ ಒಪ್ಪಿಗೆಯಿರಲಿಲ್ಲ. ನಿರಾಕರಿಸಿದರೆ ತಮಗೆ ಮರಣದಂಡನೆಯಾಗಬಹುದು ಎಂಬುದಷ್ಟೇ ತೊಡಕಾಗಿರಲಿಲ್ಲ. ಕನ್ಫೆಸಿಂಗ್ ಚರ್ಚ್ ಆಗಲೇ ದೇಶದ್ರೋಹದ ಅಪವಾದ ಹೊತ್ತುಕೊಂಡಿತ್ತು. ಅದರೊಳಗೂ ಸೈನ್ಯಸೇವೆಯನ್ನು ನಿರಾಕರಿಸಬೇಕೆನ್ನುವವರು ತೀರ ವಿರಳ. ತಾವೊಬ್ಬರು ನಿಲುವು ತಳೆದರೆ ಅದರ ಪೆಟ್ಟು ಬೀಳುವುದು ಸಹೋದರರ ಮೇಲೆ ಎಂದು ಅವರು ಅಂಜಿದರು. 1939ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಅವರಿಗೆ ಬರೆದ ಪತ್ರದಲ್ಲಿ ಈ ಇಕ್ಕಟ್ಟನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಸಲಹೆ ಕೇಳಿದ್ದಾರೆ. ಅದೇ ಪ್ರವಾಸದಲ್ಲಿ ಅವರು ಅಮೆರಿಕದ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರನ್ನೂ ಕಂಡರು. ನೀಬೂರ್ ತಡಮಾಡದೆ ತಮ್ಮ ಸ್ನೇಹಿತರಿಗೆ ಬರೆದು, ನ್ಯೂಯಾರ್ಕಿನಲ್ಲಿ ಏನಾದರೊಂದು ವ್ಯವಸ್ಥೆಯಾಗುವಂತೆ ನೋಡಿಕೊಂಡರು.

ದಣಿವೂ ಇತ್ತು. 1938ರ ಏಪ್ರಿಲ್‌ನಲ್ಲಿ ಸಭಾಪಾಲಕರೆಲ್ಲ ಹಿಟ್ಲರನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಬೇಕೆಂಬ ಆದೇಶ ಬಂದಾಗ ಕನ್ಫೆಸಿಂಗ್ ಚರ್ಚಿನ ಸಿನೊಡ್ ದೃಢವಾಗಿ ಎದುರಿಸದೆ ಅದನ್ನು ಅವರವರ ವಿವೇಚನೆಗೆ ಬಿಟ್ಟಿತು. ಬಹುಪಾಲು ಜನ ಪ್ರತಿಜ್ಞೆ ಮಾಡಿದರು. ಅದೇ ವರ್ಷ ನವೆಂಬರ್ 9ರ ರಾತ್ರಿ ಯೆಹೂದಿಗಳ ಪ್ರಾರ್ಥನಾಲಯಗಳಾದ ಸಿನಗಾಗುಗಳು ಉರಿದಾಗ ಸಭೆ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿತ್ತು. ಬೋನ್‌ಹೋಫರ್ ಅವರ ಸತ್ಯವೇದದಲ್ಲಿ, ದೇಶದಲ್ಲಿದ್ದ ದೇವರ ಆಲಯಗಳನ್ನೆಲ್ಲ ಅವರು ಸುಟ್ಟುಬಿಟ್ಟರೆಂದು ಹೇಳುವ 74ನೆಯ ಕೀರ್ತನೆಯ 8ನೆಯ ವಚನದ ಪಕ್ಕದಲ್ಲಿ ಆ ತಾರೀಖನ್ನು ಅವರೇ ಬರೆದಿಟ್ಟಿದ್ದಾರೆ. ಯಾರ ಪರವಾಗಿ ಇಷ್ಟೆಲ್ಲ ಸಹಿಸುತ್ತಿದ್ದೇನೋ ಆ ಸಭೆಯೇ ಕೈಬಿಡುತ್ತಿದೆ ಎಂಬ ಅನಿಸಿಕೆ ಸೇವೆಯನ್ನು ಬಿಡುವವರಲ್ಲಿ ಇಂದಿಗೂ ಸಾಮಾನ್ಯವಾಗಿ ಕಾಣುತ್ತದೆ. ಹೊರಗಿನ ಕಿರುಕುಳಕ್ಕಿಂತ ಒಳಗಿನ ನಿರಾಸೆಯೇ ಸೇವಕರನ್ನು ಹೆಚ್ಚಾಗಿ ಹೊರದೂಡುತ್ತದೆ.

ಅವರು ಓಡಿಹೋದರು ಎನ್ನುವಂತಿಲ್ಲ ಎಂಬುದನ್ನೂ ಗಮನಿಸಬೇಕು. ಮೇ ತಿಂಗಳಿಗೆ ಬಂದಿದ್ದ ಸೈನ್ಯದ ಕರೆಯನ್ನು ತಂದೆಯ ಪರಿಚಯದ ಮೂಲಕ ಒಂದು ವರ್ಷ ಮುಂದೂಡಿಸಲಾಯಿತು. ಕನ್ಫೆಸಿಂಗ್ ಚರ್ಚಿನ ಆಡಳಿತ ನಡೆಸುತ್ತಿದ್ದ ಸಹೋದರ ಮಂಡಳಿ ರಜೆಗೆ ಒಪ್ಪಿತು. ತರಬೇತಿಯ ಕೆಲಸಕ್ಕೆ ಬದಲಿಯವರನ್ನು ಗೊತ್ತುಮಾಡಿಯೇ ಅವರು ಹೊರಟರು. ಕಾಗದದ ಮೇಲೆ ನೋಡಿದರೆ ಎಲ್ಲವೂ ಕ್ರಮಬದ್ಧ.

ಆರು ವರ್ಷ ಹಿಂದಿನ ಇನ್ನೊಂದು ನಿರ್ಗಮನ

1939ನ್ನು ಅರ್ಥಮಾಡಿಕೊಳ್ಳಲು 1933ನ್ನು ನೋಡಲೇಬೇಕು. ಆ ವರ್ಷದ ಅಕ್ಟೋಬರಿನಲ್ಲಿ, ಸಭೆಯ ಹೋರಾಟ ಕಾವೇರುತ್ತಿರುವಾಗಲೇ, ಬೋನ್‌ಹೋಫರ್ ಬರ್ಲಿನ್ ಬಿಟ್ಟು ಲಂಡನ್ನಿನ ಎರಡು ಜರ್ಮನ್ ಸಭೆಗಳ ಪಾಲನೆಯನ್ನು ವಹಿಸಿಕೊಂಡಿದ್ದರು. ಗೆಳೆಯರ ನಡುವೆಯೂ ತಮ್ಮ ನಿಲುವು ಒಂಟಿಯಾಗುತ್ತಿದೆಯೆಂದೂ ಸ್ವಲ್ಪ ಕಾಲ ಮರುಭೂಮಿಗೆ ಹೋಗುವುದು ಒಳ್ಳೆಯದೆನ್ನಿಸಿತೆಂದೂ ಅವರು ಹೆಸರಾಂತ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರಿಗೆ ಬರೆದರು. ಬಾರ್ತ್ ನವೆಂಬರಿನಲ್ಲಿ ಬರೆದ ಉತ್ತರ ಸಲಹೆಗಿಂತ ಬೈಗುಳಕ್ಕೆ ಹತ್ತಿರವಾಗಿದೆ. ಜಾಲೀಗಿಡದ ಕೆಳಗಿನ ಎಲೀಯನ ಹಾಗೆಯೂ ಸೋರೆಗಿಡದ ಕೆಳಗಿನ ಯೋನನ ಹಾಗೆಯೂ ಕೂತುಕೊಳ್ಳುವ ಕಾಲ ಇದಲ್ಲ; ನಿಮ್ಮ ಸಭೆಯೆಂಬ ಮನೆಗೆ ಬೆಂಕಿ ಬಿದ್ದಿದೆ; ಮುಂದಿನ ಹಡಗಿಗೇ ಬನ್ನಿ, ಹೋಗಲಿ, ಅದರ ಮುಂದಿನದಕ್ಕಾದರೂ ಬನ್ನಿ, ಎಂಬುದು ಅದರ ಸಾರಾಂಶ.

ಬೋನ್‌ಹೋಫರ್ ಮುಂದಿನ ಹಡಗಿಗೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. 1935ರ ವಸಂತದವರೆಗೆ ಲಂಡನ್ನಿನಲ್ಲೇ ಇದ್ದರು. ಆ ಅವಧಿ ವ್ಯರ್ಥವಾಗಲೂ ಇಲ್ಲ. ಇಂಗ್ಲೆಂಡಿನ ಜರ್ಮನ್ ಸಭೆಗಳನ್ನು ಅವರು ಕನ್ಫೆಸಿಂಗ್ ಚರ್ಚಿನ ಕಡೆಗೆ ತಿರುಗಿಸಿದರು. ಬಿಷಪ್ ಬೆಲ್ ಅವರೊಂದಿಗೆ ಕೊನೆಯವರೆಗೂ ಉಳಿದ ಸ್ನೇಹ ಬೆಳೆದದ್ದು ಅಲ್ಲೇ. ಭಾರತಕ್ಕೆ ಬಂದು ಗಾಂಧೀಜಿಯವರ ಆಶ್ರಮದ ಸಾಮೂಹಿಕ ಜೀವನವನ್ನು ನೋಡಬೇಕೆಂಬ ಆಸೆಯಿಂದ ಪತ್ರ ವ್ಯವಹಾರ ನಡೆಸಿದ್ದೂ ಆಗಲೇ. ಗಾಂಧೀಜಿ 1934ರ ನವೆಂಬರ್ 1ರಂದು ಉತ್ತರಿಸಿ ಬರಹೇಳಿದ್ದರು. ಫಿಂಕನ್‌ವಾಲ್ಡೆಯ ಕರೆ ಬಂದುದರಿಂದ ಆ ಪ್ರಯಾಣ ನಡೆಯಲಿಲ್ಲ. ಇನ್ನು ಬಾರ್ತ್ ಅವರೂ, ಹಿಟ್ಲರನಿಗೆ ನಿಶ್ಶರ್ತ ಪ್ರತಿಜ್ಞೆ ಮಾಡಲು ಒಪ್ಪದೆ ಬಾನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು, 1935ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿಗೆ ಹೊರಟುಹೋದರು. ನಮ್ಮ ಕರಾವಳಿಗೂ ಧಾರವಾಡಕ್ಕೂ ಮಿಷನ್ನಿನ ಹೆಸರಿನಿಂದ ಪರಿಚಿತವಾದ ಅದೇ ಬಾಸೆಲ್.

ಹೀಗೆ ಒಬ್ಬರೇ ವ್ಯಕ್ತಿ ಎರಡು ಸಲ ದೇಶ ಬಿಟ್ಟರು. ಮೊದಲ ಸಲ ಗೌರವಕ್ಕೆ ಪಾತ್ರವಾದ ಹಿರಿಯರು ಮರಳಿ ಬಾ ಎಂದರೂ ಮರಳಲಿಲ್ಲ. ಎರಡನೆಯ ಸಲ ಗೌರವಕ್ಕೆ ಪಾತ್ರವಾದ ಹಿರಿಯರು ಇಲ್ಲೇ ಇರು ಎಂದರೂ ಇರಲಿಲ್ಲ. ಹಿರಿಯರ ಮಾತಿನಿಂದಲೇ ದೇವರ ಚಿತ್ತ ತಿಳಿಯುತ್ತದೆ ಎನ್ನುವವರು ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ನನ್ನ ದೃಷ್ಟಿಯಲ್ಲಿ ವ್ಯತ್ಯಾಸ ಇರುವುದು ಹಿಂದೆ ಬಿಟ್ಟುಹೋದವರಲ್ಲಿ. 1933ರಲ್ಲಿ ಅವರು ಬಿಟ್ಟುಹೋದದ್ದು ಒಂದು ಹೋರಾಟವನ್ನು. ಅದನ್ನು ಲಂಡನ್ನಿನಿಂದಲೂ ನಡೆಸಬಹುದಾಗಿತ್ತು, ನಡೆಸಿದರು ಕೂಡ. 1939ರಲ್ಲಿ ಬಿಟ್ಟುಹೋದದ್ದು ತಮ್ಮ ಮಾತನ್ನು ನಂಬಿ ಸಂಬಳ, ಮನೆ, ಭದ್ರತೆಗಳನ್ನು ತೊರೆದಿದ್ದ ಯುವಕರನ್ನು. ಅವರ ಪಾಲಕನಾಗಿರುವ ಕೆಲಸವನ್ನು ಅಟ್ಲಾಂಟಿಕ್ ಸಾಗರದ ಆಚೆಯಿಂದ ಮಾಡಲಾಗುತ್ತಿರಲಿಲ್ಲ.

ನ್ಯೂಯಾರ್ಕಿನ ವಾರಗಳು

ಜೂನ್ 7ರಂದು ಸೌತಾಂಪ್ಟನ್‌ನಲ್ಲಿ ‘ಬ್ರೆಮೆನ್’ ಹಡಗನ್ನು ಹತ್ತಿದ ಬೋನ್‌ಹೋಫರ್ 12ರಂದು ನ್ಯೂಯಾರ್ಕ್ ತಲುಪಿದರು. ಉಪನ್ಯಾಸಕ್ಕಾಗಿ ಶಿಕಾಗೋಗೆ ಹೊರಟಿದ್ದ ಅಣ್ಣ ಕಾರ್ಲ್ ಫ್ರೀಡ್ರಿಶ್ ಜೊತೆಗಿದ್ದರು. ಉಳಿಯಲು ಯೂನಿಯನ್ ಸೆಮಿನರಿಯಲ್ಲಿ ಅತಿಥಿ ಬೋಧಕರಿಗೆಂದು ಮೀಸಲಾಗಿದ್ದ, ‘ಪ್ರವಾದಿಯ ಕೋಣೆ’ ಎಂದು ಕರೆಯುತ್ತಿದ್ದ ಕೊಠಡಿಯನ್ನು ಕೊಟ್ಟಿದ್ದರು. ಮರುದಿನವೇ ಸೆಮಿನರಿಯ ಅಧ್ಯಕ್ಷ ಹೆನ್ರಿ ಸ್ಲೋನ್ ಕಾಫಿನ್ ಅವರು ಬೋನ್‌ಹೋಫರ್ ಅವರನ್ನು ಕನೆಕ್ಟಿಕಟ್ ರಾಜ್ಯದ ಲೇಕ್‌ವಿಲ್ಲಿನಲ್ಲಿದ್ದ ತಮ್ಮ ಬೇಸಿಗೆ ಮನೆಗೆ ಕರೆದುಕೊಂಡು ಹೋದರು. ತಂಪಾದ ಗುಡ್ಡಗಾಡು, ಸೊಂಪಾದ ಹಸಿರು, ಸಂಜೆಯಾದರೆ ತೋಟದ ತುಂಬ ಸಾವಿರಾರು ಮಿಂಚುಹುಳುಗಳು. ಹಾರುವ ಮಿಂಚುಹುಳುಗಳನ್ನು ತಾವು ಹಿಂದೆಂದೂ ಕಂಡಿರಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಅದೇ ಮನೆಯಲ್ಲಿ ಕುಟುಂಬದವರೆಲ್ಲ ಮೊಣಕಾಲೂರಿ ಜರ್ಮನಿಯ ಸಹೋದರರಿಗಾಗಿ ಸಣ್ಣದೊಂದು ಪ್ರಾರ್ಥನೆ ಮಾಡಿದಾಗ ಅವರಿಗೆ ತಡೆದುಕೊಳ್ಳುವುದೇ ಕಷ್ಟವಾಯಿತು. ಅಮೆರಿಕದವರು ಯಾರಿಗಾಗಿ ಪ್ರಾರ್ಥಿಸುತ್ತಿದ್ದರೋ ಅವರ ಸಾಲಿನಲ್ಲಿ ಇರಬೇಕಾದ ತಾವು ಪ್ರಾರ್ಥಿಸುವವರ ಸಾಲಿನಲ್ಲಿದ್ದರು. ಈ ಮಾತು ದಿನಚರಿಯಲ್ಲಿಲ್ಲ, ನನ್ನ ಓದು ಅಷ್ಟೆ; ಆದರೆ ಮುಂದಿನ ಪುಟಗಳೆಲ್ಲ ಆ ಕಡೆಗೇ ಸಾಗುತ್ತವೆ.

ಅವರಿಗಾಗಿ ಕಾದಿದ್ದ ಹುದ್ದೆ ಕ್ಷುಲ್ಲಕವಾದದ್ದೇನಲ್ಲ. ಅಮೆರಿಕದ ಸಭೆಗಳ ಫೆಡರಲ್ ಕೌನ್ಸಿಲ್ಲಿನ ಹೆನ್ರಿ ಲೈಪರ್ ಅವರು ನ್ಯೂಯಾರ್ಕಿಗೆ ಬಂದು ಸೇರಿದ್ದ ಜರ್ಮನ್ ನಿರಾಶ್ರಿತರ ನಡುವೆ ಪಾಲನಾ ಸೇವೆಯನ್ನು ಏರ್ಪಡಿಸಿದ್ದರು. ಅವರಲ್ಲಿ ಯೆಹೂದಿ ಮೂಲದ ಕ್ರೈಸ್ತರು ಬಹಳ ಮಂದಿ. ಭಾಷೆ ಬಲ್ಲ, ಅವರ ನೋವನ್ನು ಅರಿತ ಪಾಲಕನೊಬ್ಬ ಅವರಿಗೆ ಬೇಕಾಗಿದ್ದದ್ದು ನಿಜ. ಆದರೆ ಒಂದು ತೊಡಕಿತ್ತು. ಬೋನ್‌ಹೋಫರ್ ಬಂದದ್ದು ಹೆಚ್ಚೆಂದರೆ ಒಂದು ವರ್ಷದ ಮಾತಾಗಿ. ಲೈಪರ್ ಅದನ್ನು ದೀರ್ಘಕಾಲದ ನೇಮಕವೆಂದು ಎಣಿಸಿದ್ದರು. ಮೇಲಾಗಿ, ನಿರಾಶ್ರಿತರ ಸೇವೆಗೆ ಅಧಿಕೃತವಾಗಿ ಸೇರಿದವರನ್ನು ನಾತ್ಸಿ ಸರ್ಕಾರ ಮತ್ತೆ ದೇಶದೊಳಗೆ ಬಿಡುವ ಸಂಭವವಿರಲಿಲ್ಲ. ಈ ಹುದ್ದೆಯನ್ನು ಒಪ್ಪಿಕೊಂಡರೆ ಹಿಂದಿನ ಬಾಗಿಲು ತಾನಾಗಿ ಮುಚ್ಚಿಹೋಗುತ್ತಿತ್ತು. ರಜೆಯೆಂದು ಹೊರಟದ್ದು ರಾಜೀನಾಮೆಯಾಗುವ ಹಂತಕ್ಕೆ ಬಂದಿತ್ತು.

ಲೇಕ್‌ವಿಲ್ಲಿನಿಂದ ಮರಳಿದ ಮೇಲಿನ ದಿನಗಳು ಕಳವಳದವು. ಊರಿನಿಂದ ಸುದ್ದಿಯಿಲ್ಲ, ಪತ್ರಿಕೆಗಳಲ್ಲಿ ಯುದ್ಧದ ಭಯ, ಯುದ್ಧ ಶುರುವಾದಾಗ ತಾನು ಇಲ್ಲಿರುವುದನ್ನು ಊಹಿಸಿಕೊಳ್ಳಲೂ ಆಗದೆಂಬ ಒಕ್ಕಣೆ. ಜೂನ್ 18ರ ಭಾನುವಾರ ನಗರದ ಪ್ರಸಿದ್ಧ ರಿವರ್‌ಸೈಡ್ ಚರ್ಚಿನ ಆರಾಧನೆಗೆ ಹೋಗಿ ಬೇಸರಪಟ್ಟರು. ಸಂಜೆ ಬೇರೊಂದು ಪ್ರೆಸ್ಬಿಟೇರಿಯನ್ ಸಭೆಯಲ್ಲಿ ವಾಕ್ಯಕ್ಕೆ ಅಂಟಿಕೊಂಡ ಪ್ರಸಂಗವೊಂದನ್ನು ಕೇಳಿ ಸಮಾಧಾನಗೊಂಡರು. ಜೂನ್ 20ರಂದು ಲೈಪರ್ ಅವರನ್ನು ಕಂಡು ಹುದ್ದೆ ಬೇಡವೆಂದರು.

ಅಂದಿನ ದಿನಚರಿಯ ಪುಟವನ್ನು ಸೇವೆಯ ಕರೆಯ ಬಗ್ಗೆ ಬೋಧಿಸುವವರೆಲ್ಲ ಓದಬೇಕು. ಆತಿಥೇಯರಿಗೆ ನಿರಾಸೆಯಾಯಿತೆಂದೂ ಸ್ವಲ್ಪ ಅಸಮಾಧಾನವೂ ಆದಂತಿತ್ತೆಂದೂ ಬರೆದ ಮೇಲೆ ಅವರು ತಮ್ಮನ್ನೇ ವಿಚಾರಣೆಗೆ ಗುರಿಮಾಡಿಕೊಳ್ಳುತ್ತಾರೆ. ತಮ್ಮ ಯಾವ ನಿರ್ಧಾರದಲ್ಲೂ ಅದರ ಹಿಂದಿನ ಪ್ರೇರಣೆ ತಮಗೆ ಪೂರ್ತಿ ಸ್ಪಷ್ಟವಾಗಿರುವುದಿಲ್ಲವಲ್ಲ, ಇದು ಮನಸ್ಸಿನ ಗೊಂದಲವೋ, ಒಳಗಿನ ಅಪ್ರಾಮಾಣಿಕತೆಯೋ, ಅಥವಾ ನಮ್ಮ ತಿಳಿವನ್ನು ಮೀರಿ ನಾವು ನಡೆಸಲ್ಪಡುತ್ತಿದ್ದೇವೆಂಬ ಗುರುತೋ, ಅಥವಾ ಎರಡೂ ಹೌದೋ ಎಂದು ಕೇಳಿಕೊಳ್ಳುತ್ತಾರೆ. ಉತ್ತರ ಬರೆಯುವುದಿಲ್ಲ. ಕೊಡಬಹುದಾದ ಕಾರಣಗಳು ಪೂರ್ತಿ ಕಾರಣಗಳಲ್ಲವೆಂಬ ಅರಿವಿನೊಂದಿಗೇ ನಿರ್ಧಾರ ನಡೆದುಹೋಗಿದೆ.

ಆರು ದಿನಗಳ ನಂತರ, ಜೂನ್ 26ರಂದು, ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಚಳಿಗಾಲಕ್ಕೆ ಮುಂಚೆಯೇ ಬರಲು ಪ್ರಯತ್ನಮಾಡು ಎಂಬ ಮಾತು. ಅದು ದಿನವಿಡೀ ಬೆನ್ನು ಬಿಡಲಿಲ್ಲ. ರಜೆಯ ಮೇಲೆ ರಣರಂಗದಿಂದ ಮನೆಗೆ ಬಂದ ಸಿಪಾಯಿಗಳನ್ನು ಅಲ್ಲಿನ ಸಂಗಡಿಗರು ಎಳೆಯುವಂತೆ ತಮ್ಮನ್ನೂ ಏನೋ ಎಳೆಯುತ್ತಿದೆಯೆಂದು ಬರೆದು, ಈ ವಾಕ್ಯವನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಅದು ವಾಕ್ಯದ ದುರುಪಯೋಗವಾಗಲಾರದೆಂದು ಸೇರಿಸಿದರು. ನಮ್ಮ ಸಭೆಗಳಲ್ಲಿ ಈ ಘಟನೆಯನ್ನು ಹೇಳುವಾಗ ಕ್ರಮ ತಲೆಕೆಳಗಾಗುವುದುಂಟು: ವಾಕ್ಯ ಸಿಕ್ಕಿತು, ಆದ್ದರಿಂದ ಮರಳಿದರು ಎಂದು. ವಾಸ್ತವದಲ್ಲಿ ನಿರ್ಧಾರ 20ರಂದೇ ಆಗಿತ್ತು. ಆ ವಚನ ಬಂದದ್ದು ಆದ ನಿರ್ಧಾರವನ್ನು ಹೊತ್ತು ನಡೆಯುವ ಬಲವಾಗಿ. ಸತ್ಯವೇದವನ್ನು ತೆರೆದಾಗ ಕಂಡ ಮೊದಲ ವಚನದ ಮೇಲೆ ಕೆಲಸ ಬಿಡುವ, ಹಿಡಿಯುವ ಅಭ್ಯಾಸಕ್ಕೆ ಈ ಪ್ರಕರಣ ಆಧಾರವಾಗುವುದಿಲ್ಲ.

ಹೊರಡುವ ಮುನ್ನ ನೀಬೂರ್ ಅವರಿಗೆ ಬರೆದ ಪತ್ರ ಬಹಳ ಹೆಸರಾದದ್ದು. ಅಮೆರಿಕಕ್ಕೆ ಬಂದದ್ದು ತಪ್ಪಾಯಿತೆಂದೂ, ಈ ಕಾಲದ ಸಂಕಟವನ್ನು ತಮ್ಮ ಜನರ ಜೊತೆ ಹಂಚಿಕೊಳ್ಳದಿದ್ದರೆ ಯುದ್ಧಾನಂತರ ಜರ್ಮನಿಯ ಕ್ರೈಸ್ತ ಜೀವನವನ್ನು ಮತ್ತೆ ಕಟ್ಟುವುದರಲ್ಲಿ ಪಾಲುಗೊಳ್ಳುವ ಹಕ್ಕು ತಮಗಿರದೆಂದೂ ಅದರಲ್ಲಿ ಬರೆದರು. ಜರ್ಮನಿಯ ಕ್ರೈಸ್ತರು ಸ್ವದೇಶದ ಸೋಲನ್ನು ಬಯಸಬೇಕೋ ಗೆಲುವನ್ನು ಬಯಸಬೇಕೋ ಎಂಬ ಭೀಕರ ಆಯ್ಕೆಯ ಮುಂದೆ ನಿಲ್ಲುತ್ತಾರೆ. ಯಾವುದನ್ನು ಆರಿಸಬೇಕೆಂಬುದು ತಮಗೆ ಗೊತ್ತು, ಆದರೆ ಭದ್ರವಾದ ಜಾಗದಲ್ಲಿ ಕುಳಿತು ಅದನ್ನು ಆರಿಸಲಾರೆ ಎಂಬುದು ಅವರ ವಾದ. ಹಳೆಯ ಗೆಳೆಯ ಪಾಲ್ ಲೇಮನ್ ಕೊನೆಯವರೆಗೂ ಮನವೊಲಿಸಲು ನೋಡಿ, ಆಗದೆ ಬೀಳ್ಕೊಟ್ಟರು. ಜುಲೈ 7ರ ರಾತ್ರಿ ಬೋನ್‌ಹೋಫರ್ ಅಣ್ಣನೊಂದಿಗೆ ಹಡಗು ಹತ್ತಿದರು. ಹತ್ತಿದ ಮೇಲೆ ಭವಿಷ್ಯದ ಬಗೆಗಿನ ಒಳಗಿನ ಇಬ್ಬಂದಿತನ ನಿಂತಿತೆಂದು ದಿನಚರಿ ಹೇಳುತ್ತದೆ. ಸಮಾಧಾನ ನಿರ್ಧಾರಕ್ಕೆ ಮುಂಚೆ ಬರಲಿಲ್ಲ, ಅದು ಕೈಗೂಡಿದ ಮೇಲೆ ಬಂತು.

ವಿವೇಚನೆ

ಯೇಸುಸಭೆಯ ಸ್ಥಾಪಕ, ಲೊಯೋಲಾದ ಇಗ್ನೇಷಿಯಸ್ ಕೊಟ್ಟ ಒಂದು ಪ್ರಸಿದ್ಧ ನಿಯಮವಿದೆ: ಆತ್ಮಿಕ ಬರಡುತನದ ಕಾಲದಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬಾರದು. ಕಥೋಲಿಕ ಗುರುಗಳ ತರಬೇತಿಯಲ್ಲಿ ಇದನ್ನು ಇಂದಿಗೂ ಕಲಿಸುತ್ತಾರೆ. ಈ ಅಳತೆಗೋಲನ್ನು ಇಲ್ಲಿಟ್ಟರೆ ಏನಾಗುತ್ತದೆ? ಅಮೆರಿಕಕ್ಕೆ ಹೋಗುವ ನಿರ್ಧಾರವೇ ಹಿಂದಿನ ನಿರ್ಧಾರವೆಂದುಕೊಂಡರೆ, ಕಳವಳದಲ್ಲಿದ್ದ ಮನುಷ್ಯ ಅದನ್ನು ತಲುಪಿದ ಎಂಟನೆಯ ದಿನಕ್ಕೇ ಮುರಿದದ್ದು ತಪ್ಪಾಗುತ್ತದೆ. ಫಿಂಕನ್‌ವಾಲ್ಡೆಯ ಬದುಕೇ ಹಿಂದಿನ ನಿರ್ಧಾರ, ಅಮೆರಿಕವೇ ಬರಡುತನದಲ್ಲಿ ಮಾಡಿದ ಬದಲಾವಣೆ ಎಂದುಕೊಂಡರೆ, ಮರಳಿದ್ದೇ ನಿಯಮಪಾಲನೆಯಾಗುತ್ತದೆ. ನಿಯಮ ಉಪಯುಕ್ತವೇ, ಆದರೆ ಯಾವುದು ಮೂಲ, ಯಾವುದು ಬದಲಾವಣೆ ಎಂಬುದನ್ನು ಅದು ತಾನಾಗಿ ತೋರಿಸಿಕೊಡುವುದಿಲ್ಲ. ನಾನು ಎರಡನೆಯ ಓದಿನ ಕಡೆಗೆ ವಾಲುತ್ತೇನೆ. ಕಾರಣ, ಬೋನ್‌ಹೋಫರ್ ಹೊರಟದ್ದು ಒಂದನ್ನು ತಪ್ಪಿಸಿಕೊಳ್ಳಲು. ನಿರಾಶ್ರಿತರ ಸೇವೆ ಅವರಿಗೆ ಎದುರಾದದ್ದು ಆಮೇಲೆ. ಹೋಗುವ ಜಾಗದ ಕೆಲಸ ಕರೆಯದೆ, ಇರುವ ಜಾಗದ ತೊಂದರೆ ಮಾತ್ರ ನೂಕುತ್ತಿದ್ದರೆ, ಆ ನಿರ್ಗಮನವನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ಹಾಗೆಂದು ಉಳಿಯುವುದೇ ಸರಿ, ಬಿಡುವುದೇ ತಪ್ಪು ಎನ್ನಲು ಈ ಪ್ರಕರಣವನ್ನು ಬಳಸುವಂತಿಲ್ಲ. ಬೋನ್‌ಹೋಫರ್ ಅವರ ಆಪ್ತ ಗೆಳೆಯ, ಯೆಹೂದಿ ಮೂಲದ ಸಭಾಪಾಲಕ ಫ್ರಾನ್ಸ್ ಹಿಲ್ಡೆಬ್ರಾಂಟ್ 1937ರಲ್ಲಿ ಇಂಗ್ಲೆಂಡಿಗೆ ಹೋದರು. ಅವಳಿ ಸಹೋದರಿ ಸಬೀನೆಯೂ ಯೆಹೂದಿ ಮೂಲದ ಅವರ ಗಂಡ ಗೆರ್ಹಾರ್ಡ್ ಲೈಬ್‌ಹೋಲ್ಟ್ಸ್ ಅವರೂ 1938ರ ಸೆಪ್ಟೆಂಬರಿನಲ್ಲಿ ಹೊರಟಾಗ ಬೋನ್‌ಹೋಫರ್ ಅವರೇ ನೆರವಾಗಿ ದಾರಿಯ ತುಸು ದೂರ ಜೊತೆಗೆ ಹೋಗಿದ್ದರು. ಅವರ ನಿರ್ಗಮನವನ್ನು ಯಾರೂ ಪಲಾಯನ ಎನ್ನಲಾರರು. ಇತ್ತ, ಬಹಿಷ್ಕಾರದ ಆಜ್ಞೆಯಿದ್ದರೂ ಡಿಕೆನ್‌ಶೀಡ್ ಹಳ್ಳಿಯ ತಮ್ಮ ಸಭೆಗೆ ಮರಳಿದ್ದ ಪಾಲ್ ಶ್ನೈಡರ್ ಎಂಬ ಸಭಾಪಾಲಕರು 1939ರ ಜುಲೈ 18ರಂದು ಬೂಕೆನ್‌ವಾಲ್ಡ್ ಶಿಬಿರದಲ್ಲಿ ಕೊಲೆಯಾದರು. ಬೋನ್‌ಹೋಫರ್ ಆಗ ಮರಳುವ ದಾರಿಯಲ್ಲಿ ಇಂಗ್ಲೆಂಡಿನಲ್ಲಿದ್ದರು. ಶ್ನೈಡರ್ ಅವರಿಗೆ ಹೆಂಡತಿಯೂ ಆರು ಮಕ್ಕಳೂ ಇದ್ದರು. ಬೋನ್‌ಹೋಫರ್ ಅವರಿಗೆ ಮದುವೆಯಾಗಿರಲಿಲ್ಲ; ತಂದೆಯ ಮನೆ ಅನುಕೂಲಸ್ಥರದು. ಅವರ ಸ್ವಾತಂತ್ರ್ಯದ ಅಳತೆಯನ್ನು ಮಕ್ಕಳ ಶಾಲಾ ಶುಲ್ಕ ಕಟ್ಟಬೇಕಾದ ಸಭಾಪಾಲಕರಿಗೆ ಹಿಡಿಯುವುದು ಅನ್ಯಾಯ.

ಪ್ರಕರಣದ ದುರ್ಬಲ ಭಾಗವೂ ಇದೆ, ಅದನ್ನು ಮೆಚ್ಚುಗೆಯ ಬರಹಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೋಗುವಾಗ ಸಹೋದರ ಮಂಡಳಿಯ ಒಪ್ಪಿಗೆ ಪಡೆದಿದ್ದವರು ಮರಳುವ ನಿರ್ಧಾರವನ್ನು ಒಂಟಿಯಾಗಿ ತೆಗೆದುಕೊಂಡರು. ತಮ್ಮ ಸ್ಥಾನಕ್ಕೆ ಗೊತ್ತಾಗಿದ್ದವರಿಗೂ ಅದು ಅನಿರೀಕ್ಷಿತ. ನೀಬೂರ್, ಲೈಪರ್, ಕಾಫಿನ್ ಮೂವರೂ ತಮ್ಮ ಹೆಸರನ್ನು ಒತ್ತೆಯಿಟ್ಟು ಏರ್ಪಾಡು ಮಾಡಿದ್ದರು; ಅದೇ ಕಾಲದಲ್ಲಿ ಜರ್ಮನಿಯಿಂದ ಹೊರಬರಲು ಅಂಥ ಒಂದು ಆಹ್ವಾನಕ್ಕಾಗಿ ಹಾತೊರೆಯುತ್ತಿದ್ದವರು ಎಷ್ಟೋ ಮಂದಿ. ಬಂದು, ನೋಡಿ, ಬೇಡವೆಂದದ್ದರ ಬೆಲೆಯನ್ನು ತೆತ್ತವರು ಬೋನ್‌ಹೋಫರ್ ಒಬ್ಬರೇ ಅಲ್ಲ. ಇದನ್ನು ಮಾರ್ಚ್ ತಿಂಗಳಲ್ಲೇ ಯೋಚಿಸಬಹುದಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಬಿಟ್ಟು ಹೊರಟ ಮೇಲೆ ಮಾತ್ರ ತಾನು ಎಲ್ಲಿಗೆ ಸೇರಿದವನೆಂಬುದು ತಿಳಿಯುವ ಮನಸ್ಸುಗಳೂ ಇರುತ್ತವೆ. ಅಂಥವರಿಗೆ ರಾಜೀನಾಮೆಗಿಂತ ರಜೆ ಕೊಡುವ ವ್ಯವಸ್ಥೆ ಸಭೆಯಲ್ಲಿರುವುದು ಒಳಿತು. ಇಲ್ಲಿ ಸಹೋದರ ಮಂಡಳಿ ಕೊಟ್ಟದ್ದು ರಜೆ. ಮರಳುವಿಕೆ ಸಾಧ್ಯವಾದದ್ದು ಅದರಿಂದಲೇ.

ಪರಿಣಾಮದಿಂದ ಅಳೆದರೂ ತೀರ್ಪು ಸುಲಭವಲ್ಲ. ಜುಲೈ 27ರಂದು ಬರ್ಲಿನ್ ತಲುಪಿದ ಅವರು ಪೊಮೆರೇನಿಯಾದ ಕಾಡಿನ ನಡುವಿನ ಸಿಗುರ್ಡ್ಸ್‌ಹೋಫ್ ಎಂಬ ತೋಟದ ಮನೆಯಲ್ಲಿ ಪಾಠ ಮುಂದುವರಿಸಿದರು. ಐದು ವಾರಗಳಲ್ಲಿ ಯುದ್ಧ ಶುರುವಾಯಿತು. 1940ರ ಮಾರ್ಚ್‌ನಲ್ಲಿ ಗೆಸ್ಟಪೊ ಅದನ್ನೂ ಮುಚ್ಚಿಸಿತು. ಯಾವ ಯುವಕರಿಗಾಗಿ ಮರಳಿದರೋ ಅವರಲ್ಲಿ ಬಹಳ ಮಂದಿ ಸೈನ್ಯಕ್ಕೆ ಸೇರಿಸಲ್ಪಟ್ಟು ರಣರಂಗದಲ್ಲಿ ಸತ್ತರು. ಮರಳಿ ಬಂದ ಸೇವೆ ಹೀಗೆ ಎಂಟೇ ತಿಂಗಳಲ್ಲಿ ಇಲ್ಲವಾಯಿತು. ದೇಶ ಬಿಡಲು ಮೂಲಕಾರಣವಾಗಿದ್ದ ಸೈನ್ಯಸೇವೆಯ ಇಕ್ಕಟ್ಟು, ಸೇನೆಯ ಗುಪ್ತಚರ ವಿಭಾಗದೊಳಗಿದ್ದ ಹಿಟ್ಲರ್ ವಿರೋಧಿಗಳು 1940ರಲ್ಲಿ ಅವರನ್ನು ತಮ್ಮ ಕೆಲಸಕ್ಕೆ ಸೇರಿಸಿಕೊಂಡದ್ದರಿಂದ ಬಗೆಹರಿಯಿತು. 1939ರಲ್ಲಿ ಯಾರ ಲೆಕ್ಕದಲ್ಲೂ ಇಲ್ಲದಿದ್ದ ದಾರಿಯದು. ಅದೇ ದಾರಿ 1943ರ ಏಪ್ರಿಲ್ 5ರ ಬಂಧನಕ್ಕೂ ಒಯ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟೇಗೆಲ್ ಸೆರೆಮನೆಯಿಂದ ಗೆಳೆಯ ಎಬರ್ಹಾರ್ಡ್ ಬೆಟ್‌ಗೆ ಅವರಿಗೆ ಬರೆದ ಪತ್ರದಲ್ಲಿ, 1939ರಲ್ಲಿ ಮರಳಿ ಬಂದದ್ದಕ್ಕಾಗಿ ತಾವು ಒಂದು ಕ್ಷಣವೂ ಪಶ್ಚಾತ್ತಾಪಪಟ್ಟಿಲ್ಲವೆಂದು ತಿಳಿಸಿದ್ದಾರೆ.

ನಮ್ಮ ರಾಜ್ಯದ ಸಭಾಪ್ರಾಂತಗಳಲ್ಲಿ ಈ ಪ್ರಶ್ನೆ ಬರುವ ರೂಪ ಬೇರೆ. ಬಹಳ ಸಲ ಅದು ವರ್ಗಾವಣೆಯ ಆದೇಶದ ಜೊತೆಗೆ ಬರುತ್ತದೆ, ಇಲ್ಲವೇ ಕೊಲ್ಲಿ ದೇಶದ ಸಭೆಯೊಂದರ ಕರೆಯಾಗಿ ಬರುತ್ತದೆ, ಇಲ್ಲವೇ ಸಭೆಯ ಆಡಳಿತ ಸಮಿತಿಯೊಂದಿಗಿನ ಜಗಳ ಹದಗೆಟ್ಟಾಗ ಬರುತ್ತದೆ. ಅಂಥ ಸಂದರ್ಭದಲ್ಲಿ ಸಭಾಪಾಲಕರ ಕೂಟದಲ್ಲಿ ಈ ಪ್ರಕರಣವನ್ನು ಚರ್ಚೆಗೆ ಇಡುವವರಿಗೆ ನನ್ನ ಸೂಚನೆ ಇಷ್ಟೆ: ಬೋನ್‌ಹೋಫರ್ ಧೈರ್ಯಶಾಲಿಯೋ ಅಲ್ಲವೋ ಎಂಬಲ್ಲಿಂದ ಶುರುಮಾಡಬೇಡಿ. ಹೊರಡಲಿರುವವರು ಕಳೆದ ಐದು ವರ್ಷಗಳಲ್ಲಿ ಯಾರಿಗೆ ಏನನ್ನು ಬಿಡಲು ಹೇಳಿದ್ದರು, ಅವರು ಬಿಟ್ಟರೇ, ಬಿಟ್ಟವರು ಈಗ ಯಾರನ್ನು ನೆಚ್ಚಿಕೊಂಡಿದ್ದಾರೆ ಎಂದು ಮೊದಲು ಕೇಳಿ. ಹೊಸ ಹುದ್ದೆಯನ್ನು ಒಪ್ಪಿದ ಮೇಲೆ ಮರಳುವ ದಾರಿ ತೆರೆದಿರುತ್ತದೆಯೇ, ಅದು ಮುಚ್ಚುವುದಾದರೆ ಎಂದು ಮುಚ್ಚುತ್ತದೆ ಎಂಬುದನ್ನು ತಾರೀಖು ಸಮೇತ ಕೇಳಿ. ಮರಳುವವರಿದ್ದರೆ, ಅವರ ಜಾಗಕ್ಕೆ ಈಗಾಗಲೇ ಬಂದು ಸಾಮಾನು ಇಳಿಸಿಕೊಂಡಿರುವ ಸಭಾಪಾಲಕರಿಗೆ ಈ ವಿಷಯವನ್ನು ಯಾರು, ಯಾವಾಗ ತಿಳಿಸುತ್ತಾರೆ ಎಂಬುದನ್ನೂ ಕೇಳಬೇಕು. ಬೋನ್‌ಹೋಫರ್ ಪ್ರಕರಣದಲ್ಲಿ ಅದನ್ನು ಯಾರೂ ಮುಂಚಿತವಾಗಿ ಯೋಚಿಸಿರಲಿಲ್ಲ.